ಬಿದಿರಿನ ಬಟ್ಟೆ, ಕಾಫಿ ಸಿಪ್ಪೆಯ ಬಣ್ಣ, ಕ್ಯೂಆರ್ ಕೋಡ್: ಗೋಣಿಕೊಪ್ಪದ ಹೊಲಿಗೆ ಘಟಕ ಯಾವುದಕ್ಕೆ ದುಡ್ಡು ಹಾಕಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಗೋಣಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಹೊಲಿಗೆ ಘಟಕ ಇದೆ. ನಾನು, ನನ್ನ ನಾದಿನಿ, ಜೊತೆಗೆ ಎಂಟು ಜನ ಹೆಂಗಸರು. ಮದುವೆ ಸೀಸನ್ನಿನಲ್ಲಿ ಕುಪ್ಯ (ಕೊಡವ ಗಂಡಸರ ಉದ್ದ ಕೋಟು) ಹೊಲಿಯುತ್ತೇವೆ. ಉಳಿದಂತೆ ಹೋಂಸ್ಟೇಗಳಿಗೆ ಬೆಡ್‌ಶೀಟ್, ರೆಸಾರ್ಟ್‌ಗಳಿಗೆ ಯೂನಿಫಾರ್ಮ್. ಹೋದ ಡಿಸೆಂಬರ್‌ನಲ್ಲಿ ಹೋಂಸ್ಟೇಗೆ ಬಂದಿದ್ದ ಜರ್ಮನಿಯವರೊಬ್ಬರು 200 ಏಪ್ರನ್, 200 ಟೇಬಲ್ ರನ್ನರ್ ಬೇಕೆಂದು ಕೇಳಿದ್ದಾರೆ. ಆದರೆ ಬಟ್ಟೆ "ಆರ್ಗ್ಯಾನಿಕ್" ಅನ್ನುವುದಕ್ಕೆ ಸರ್ಟಿಫಿಕೇಟ್ ಬೇಕಂತೆ, ಒಂದೊಂದು ಪೀಸಿಗೂ ಕ್ಯೂಆರ್ ಕೋಡ್ ಇದ್ದರೆ ಒಳ್ಳೆಯದಂತೆ. ನಮ್ಮ ಅಣ್ಣ ತೋಟದಲ್ಲಿ ಬಿದಿರು ಬೇಕಾದಷ್ಟಿದೆ, ಬಿದಿರಿನ ಬಟ್ಟೆ ಮಾಡಿಸಿ ಅನ್ನುತ್ತಾರೆ. ನಾದಿನಿಗೆ ಕಾಫಿ ಸಿಪ್ಪೆಯಿಂದ ಬಣ್ಣ ಹಾಕುವ ಆಸೆ. ಅವಳ ಮಗ "ಈ ಏಪ್ರನ್ 2,700 ಲೀಟರ್ ನೀರು ಉಳಿಸಿದೆ" ಎಂದು ಟ್ಯಾಗ್ ಕೂಡ ಬರೆದಿಟ್ಟಿದ್ದಾನೆ. ಡಿಜಿಟಲ್ ಪ್ರಿಂಟಿಂಗ್ ಮಿಷನ್ ಮಾರುವವರೊಬ್ಬರು ಬಂದು, ಇನ್ನು ಮುಂದೆ ಇದಿಲ್ಲದೆ ಹೊರದೇಶದ ವ್ಯಾಪಾರವೇ ಆಗುವುದಿಲ್ಲ ಎಂದು ಹೇಳಿ ಹೋದರು. ಅದಕ್ಕೆ ಮನೆ ಪತ್ರ ಇಟ್ಟು ಸಾಲ ಮಾಡಬೇಕಾಗುತ್ತದೆ. ಮಳೆಗಾಲದಲ್ಲಿ ನಮಗೆ ಕರೆಂಟೇ ಸರಿಯಾಗಿ ಇರುವುದಿಲ್ಲ, ಇಟ್ಟ ಬಟ್ಟೆಗೆ ಬೂಷ್ಟು ಬರುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿರುವುದು ಐದಾರು ಪ್ರಶ್ನೆ, ಆದರೆ ಹಿಂದಿರುವ ಭಯ ಒಂದೇ ಅಲ್ವಾ? ಈಗ ದುಡ್ಡು ಹಾಕದಿದ್ದರೆ ಈ ಆರ್ಡರ್ ಹೋಗುತ್ತದೆ, ಮುಂದೆ ಇನ್ಯಾವುದೂ ಬರುವುದಿಲ್ಲ ಅನ್ನುವ ಭಯ. ನಾನು ಮೂವತ್ತು ವರ್ಷ ಜವಳಿ ಕೆಲಸದಲ್ಲಿ ಇದ್ದವಳು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಯೂನಿಟ್‌ಗಳಲ್ಲೇ ಕಳೆದೆ. ಸುತ್ತಿ ಬಳಸದೆ ಹೇಳುತ್ತೇನೆ. ಪ್ರಿಂಟಿಂಗ್ ಮಿಷನ್‌ಗೆ ಸಾಲ ಬೇಡ. ಮನೆ ಹಿತ್ತಲಲ್ಲಿ ಬಣ್ಣದ ತೊಟ್ಟಿಯೂ ಬೇಡ. ಆರ್ಡರ್ ಮಾತ್ರ ಬಿಡಬೇಡಿ. ಈಗ ನಿಮ್ಮಲ್ಲಿ ಇರುವುದರಲ್ಲೇ ಅದನ್ನು ಮಾಡಿಕೊಡಬಹುದು.

ಕ್ಯೂಆರ್ ಕೋಡಿನಿಂದಲೇ ಶುರು ಮಾಡೋಣ, ಯಾಕೆಂದರೆ ಜಾಸ್ತಿ ಹೆದರಿಸುತ್ತಿರುವುದು ಅದೇ. ಯುರೋಪಿನಲ್ಲಿ ಒಂದು ಹೊಸ ಕಾನೂನು 2024ರ ಜುಲೈ 18ರಂದು ಜಾರಿಗೆ ಬಂದಿದೆ. ವಸ್ತು ಯಾವುದರಿಂದ ಆಗಿದೆ, ಎಷ್ಟು ಬಾಳಿಕೆ ಬರುತ್ತದೆ, ರಿಪೇರಿ ಆಗುತ್ತದಾ ಅನ್ನುವುದನ್ನೆಲ್ಲ ಒಂದು ಡಿಜಿಟಲ್ ಪಾಸ್‌ಪೋರ್ಟ್‌ನಲ್ಲಿ ಇಡಬೇಕು ಅನ್ನುವುದು ಅದರ ಒಂದು ಭಾಗ. ಆದರೆ ಅದು ಎಲ್ಲ ವಸ್ತುಗಳಿಗೂ ಸೇರಿದ ಚೌಕಟ್ಟು ಮಾತ್ರ. ಬಟ್ಟೆಗೆ ಅಂತಲೇ ಬೇರೆ ನಿಯಮ ಬರೆಯಬೇಕು. 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕಾರ್ಯಯೋಜನೆಯಲ್ಲಿ ಅದಕ್ಕೆ 2027 ಎಂದು ಅಂದಾಜು ಹಾಕಿದ್ದಾರೆ. ಅದೂ ಮುಖ್ಯವಾಗಿ ಉಡುಪಿನ ಬಗ್ಗೆ. ನಿಯಮ ಬಂದ ಮೇಲೂ ಸಾಮಾನ್ಯವಾಗಿ ಕನಿಷ್ಠ ಒಂದೂವರೆ ವರ್ಷ ಸಮಯ ಕೊಡುತ್ತಾರೆ. ನಿಮ್ಮ ಜರ್ಮನಿಯವರೂ "ಇದ್ದರೆ ಒಳ್ಳೆಯದು" ಅಂದಿದ್ದಾರೆಯೇ ಹೊರತು ಇರಲೇಬೇಕು ಅಂದಿಲ್ಲ. ಪ್ರಿಂಟಿಂಗ್ ಮಿಷನ್ನಿಗೂ ಈ ಪಾಸ್‌ಪೋರ್ಟ್‌ಗೂ ಯಾವ ಸಂಬಂಧವೂ ಇಲ್ಲ. ಅದು ಮಾರುವವರು ಸೇರಿಸಿ ಹೇಳಿದ ಮಾತು.

ಕ್ಯೂಆರ್ ಕೋಡ್ ಅಂದರೆ ಬರೀ ಬಾಗಿಲು. ಒಳಗೆ ಏನಿದೆ ಅನ್ನುವುದು ಮುಖ್ಯ. ಒಳಗೆ ಇರಬೇಕಾದದ್ದು ನಿಮ್ಮ ಲೆಕ್ಕ: ಬಟ್ಟೆ ಯಾರಿಂದ ತಂದಿರಿ, ಯಾವ ತಾರೀಕು, ಬಿಲ್ ನಂಬರ್, ಥಾನಿನ ನಂಬರ್, ಯಾವ ನೂಲು, ಬಣ್ಣ ಯಾರು ಹಾಕಿದ್ದು, ಯಾರು ಕತ್ತರಿಸಿದ್ದು, ಯಾರು ಹೊಲಿದದ್ದು, ಎಷ್ಟು ಚೂರು ಉಳಿಯಿತು. ಒಂದು ಫೋನು, ಒಂದು ಸ್ಪ್ರೆಡ್‌ಶೀಟ್ ಸಾಕು. ಬಿಲ್ಲಿನ ಫೋಟೋ ತೆಗೆದು ಅದರಲ್ಲೇ ಸೇರಿಸಿ. ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರು ನಿಮ್ಮದು, ಆದ್ದರಿಂದ ಒಂದು ಕಾಗದದ ಪುಸ್ತಕದಲ್ಲೂ ಬರೆದಿಡಿ, ನೆಟ್ ಬಂದಾಗ ಫೋನಿಗೆ ಏರಿಸಿ. ದೊಡ್ಡ ಕಂಪನಿಗಳು ಇವತ್ತು ಕಷ್ಟಪಡುತ್ತಿರುವುದು ಇದಕ್ಕೇ. ಅವರ ಹತ್ತಿ ಎಲ್ಲಿ ಜಿನ್ ಆಯಿತು (ಬೀಜದಿಂದ ಬೇರೆಯಾಯಿತು), ನೂಲು ಎಲ್ಲಿ ಆಯಿತು ಅನ್ನುವುದು ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಹತ್ತು ಜನರ ಘಟಕಕ್ಕೆ ಗೊತ್ತಿರುತ್ತದೆ, ಬರೆದಿಟ್ಟಿರುವುದಿಲ್ಲ ಅಷ್ಟೇ.

ಇನ್ನು "ಆರ್ಗ್ಯಾನಿಕ್". ಇಲ್ಲಿ ತುಂಬ ಜನ ಎಡವುತ್ತಾರೆ. ಜಿಒಟಿಎಸ್ ಅನ್ನುವ ಸಾವಯವ ಜವಳಿಯ ಅಂತರರಾಷ್ಟ್ರೀಯ ಗುರುತಿಗೆ ಬಟ್ಟೆಯಲ್ಲಿ ನೂರಕ್ಕೆ ಕನಿಷ್ಠ 70 ಭಾಗ ಸಾವಯವ ನಾರು ಇರಬೇಕು, ಲೇಬಲ್ ಮೇಲೆ ನೇರವಾಗಿ "ಆರ್ಗ್ಯಾನಿಕ್" ಎಂದು ಬರೆಯಲು 95 ಭಾಗ ಬೇಕು. ಅದಕ್ಕಿಂತ ಮುಖ್ಯವಾದ ವಿಷಯ, ಜಿನ್ನಿಂಗ್‌ನಿಂದ ಹೊಲಿಗೆಯವರೆಗೆ ಸರಪಳಿಯ ಪ್ರತಿ ಕೊಂಡಿಗೂ ಸರ್ಟಿಫಿಕೇಟ್ ಇರಬೇಕು. ನೀವು ಸರ್ಟಿಫೈಡ್ ಬಟ್ಟೆ ಕೊಂಡು ನಿಮ್ಮ ಘಟಕದಲ್ಲಿ ಹೊಲಿದರೆ, ನಿಮ್ಮ ಘಟಕಕ್ಕೆ ಸರ್ಟಿಫಿಕೇಟ್ ಇಲ್ಲದ ಕಾರಣ ಸರಪಳಿ ಅಲ್ಲಿಗೇ ಕಡಿಯಿತು. ಏಪ್ರನ್ ಮೇಲೆ ಆ ಹೆಸರು ಹಾಕುವ ಹಾಗಿಲ್ಲ. "ಸರ್ಟಿಫೈಡ್ ಬಟ್ಟೆಯಿಂದ ಹೊಲಿದದ್ದು" ಎಂದು ಕೂಡ ಬರೆಯುವ ಹಾಗಿಲ್ಲ. 400 ಪೀಸಿಗಾಗಿ ಇಡೀ ಘಟಕಕ್ಕೆ ಸರ್ಟಿಫಿಕೇಟ್ ಮಾಡಿಸಿ, ವರ್ಷ ವರ್ಷ ಅದನ್ನು ಉಳಿಸಿಕೊಳ್ಳುವುದು ನಿಮಗೆ ಗಿಟ್ಟುವುದಿಲ್ಲ.

ಯಾರೋ ಕಡಿಮೆ ದುಡ್ಡಿಗೆ ಕಾಗದ ಕೊಡುತ್ತೇನೆ ಅಂದರೆ ಮುಟ್ಟಲೇಬೇಡಿ. ಜಗತ್ತಿನಲ್ಲಿ ಅತಿ ಹೆಚ್ಚು ಸಾವಯವ ಹತ್ತಿ ಬೆಳೆಯುವುದು ನಮ್ಮ ದೇಶ, ಆದರೆ 2020ರಲ್ಲಿ ಇಲ್ಲಿಂದ ಹೋದ ಸುಮಾರು 20,000 ಟನ್ ಹತ್ತಿಗೆ ನಕಲಿ ಕಾಗದ ಮಾಡಿದ್ದನ್ನು ಜಿಒಟಿಎಸ್‌ನವರೇ ಹಿಡಿದರು. ಆಮೇಲೆ ಪ್ರಾಮಾಣಿಕವಾಗಿ ಬೆಳೆದ ರೈತರ ಹತ್ತಿಯನ್ನೂ ಜನ ಅನುಮಾನದಿಂದ ನೋಡುವ ಹಾಗಾಯಿತು. ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ಸಂಗತಿ.

ಆ ಹುಡುಗ ಬರೆದ ಟ್ಯಾಗಿನ ಬಗ್ಗೆಯೂ ಹೇಳಬೇಕು. ಅವನ ಉದ್ದೇಶ ಒಳ್ಳೆಯದೇ. ಆದರೆ 2,700 ಲೀಟರ್ ಅನ್ನುವುದು ಒಂದು ಹತ್ತಿ ಟೀಶರ್ಟಿಗೆ ಬೇಕಾಗುವ ನೀರಿನ ಅಂದಾಜು, ಅದೂ ಜಗತ್ತಿನ ಬೇರೆ ಬೇರೆ ಕಡೆಯದ್ದನ್ನು ಸೇರಿಸಿ ತೆಗೆದ ಸರಾಸರಿ. ಮಳೆ ನಂಬಿ ಬೆಳೆದ ಹತ್ತಿಗೂ ಕಾಲುವೆ ನೀರಲ್ಲಿ ಬೆಳೆದ ಹತ್ತಿಗೂ ಅಜಗಜಾಂತರ ವ್ಯತ್ಯಾಸ. ಮೇಲಾಗಿ ನಿಮ್ಮ ಏಪ್ರನ್ ಕೂಡ ಹತ್ತಿಯದೇ, ಅದು ನೀರು ಬಳಸಿದೆ, ಉಳಿಸಿಲ್ಲ. "ಪರಿಸರ ಸ್ನೇಹಿ" ಅನ್ನುವ ಮಾತೂ ಬೇಡ. ಆಧಾರವಿಲ್ಲದೆ ಇಂಥ ಮಾತು ಬಳಸುವುದನ್ನು ಯುರೋಪಿನಲ್ಲಿ ನಿಷೇಧಿಸಿದ್ದಾರೆ, ಆ ನಿಯಮ 2026ರ ಸೆಪ್ಟೆಂಬರ್ 27ರಿಂದ ಅನ್ವಯವಾಗುತ್ತದೆ. ನೀವು ಹಾಕಿದ ಟ್ಯಾಗಿಗೆ ಅಲ್ಲಿ ಮಾರುವವರು ಜವಾಬು ಕೊಡಬೇಕಾಗುತ್ತದೆ. ಟ್ಯಾಗಿನಲ್ಲಿ ಇಷ್ಟೇ ಬರೆಯಿರಿ: 100 ಭಾಗ ಹತ್ತಿ, ಕೈಮಗ್ಗದ್ದು, ಇಂಥ ಊರಿನಲ್ಲಿ ನೇಯ್ದದ್ದು, ಗೋಣಿಕೊಪ್ಪದ ಹತ್ತಿರ ಹೊಲಿದದ್ದು. ಅದಕ್ಕೆ ಬೇಕಾದ ಬಿಲ್ಲು ನಿಮ್ಮ ಹತ್ತಿರ ಇರುತ್ತದೆ.

ಅಣ್ಣನಿಗೆ ಬಿದಿರಿನ ವಿಷಯ ಸಮಾಧಾನವಾಗಿ ತಿಳಿಸಿ. ಅಂಗಡಿಯಲ್ಲಿ ಬಿದಿರಿನ ಬಟ್ಟೆ ಎಂದು ಮಾರುವುದು ಬಹುಪಾಲು ವಿಸ್ಕೋಸ್. ಬಿದಿರನ್ನು ತಿರುಳು ಮಾಡಿ, ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ, ಆಸಿಡ್ ತೊಟ್ಟಿಯೊಳಗೆ ದಾರವಾಗಿ ಎಳೆಯುತ್ತಾರೆ. ಮೃದುವಾಗಿರುತ್ತದೆ ನಿಜ, ಆದರೆ ಆ ಹೊತ್ತಿಗೆ ಅದರಲ್ಲಿ ಬಿದಿರಿನ ಗುಣ ಉಳಿದಿರುವುದಿಲ್ಲ. ಕಾರ್ಬನ್ ಡೈಸಲ್ಫೈಡ್ ಕೆಲಸಗಾರರ ನರಗಳಿಗೆ ಕೆಟ್ಟದ್ದು. ಯುರೋಪಿನಲ್ಲಿ ಅದನ್ನು ಬಿದಿರು ಎಂದು ಬರೆಯುವ ಹಾಗಿಲ್ಲ, ವಿಸ್ಕೋಸ್ ಎಂದೇ ಬರೆಯಬೇಕು. ಅಮೆರಿಕದಲ್ಲೂ ಈ ಕಾರಣಕ್ಕೆ ದೊಡ್ಡ ದೊಡ್ಡ ಅಂಗಡಿಗಳಿಗೆ ದಂಡ ಬಿದ್ದಿದೆ. ಇದೆಲ್ಲ ದೊಡ್ಡ ಕಾರ್ಖಾನೆಯ ಕೆಲಸ, ನಿಮ್ಮ ತೋಟದ ಬಿದಿರಿಗೂ ಇದಕ್ಕೂ ದಾರಿಯೇ ಇಲ್ಲ. ಬಿದಿರಿನಿಂದ ಬಟನ್ ಮಾಡಿಸಿ, ಪ್ಯಾಕಿಂಗಿಗೆ ಬುಟ್ಟಿ ಮಾಡಿಸಿ, ಚೆನ್ನಾಗಿರುತ್ತದೆ.

ಈಗ ಬಣ್ಣ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ನನ್ನ ಜೀವನದ ದೊಡ್ಡ ಭಾಗ ಅದರಲ್ಲೇ ಕಳೆದಿದೆ.

ಹತ್ತಿಗೆ ಸಾಮಾನ್ಯವಾಗಿ ಹಾಕುವುದು ರಿಯಾಕ್ಟಿವ್ ಅನ್ನುವ ರಾಸಾಯನಿಕ ಬಣ್ಣ. ಅದು ಬಟ್ಟೆಗೆ ಹಿಡಿಯಬೇಕಾದರೆ ಉಪ್ಪು ಬೇಕು, ಒಂದು ಲೀಟರ್ ನೀರಿಗೆ ಹತ್ತಾರು ಗ್ರಾಂ. ಗಾಢ ಬಣ್ಣಕ್ಕೆ ಇನ್ನೂ ಜಾಸ್ತಿ. ಇಷ್ಟಾದರೂ ಹಾಕಿದ ಬಣ್ಣದಲ್ಲಿ ನೂರಕ್ಕೆ 10ರಿಂದ 40 ಪಾಲು ಬಟ್ಟೆಗೆ ಹಿಡಿಯದೆ ನೀರಿನಲ್ಲೇ ಉಳಿಯುತ್ತದೆ. ನೀರಿನ ಬಣ್ಣ ತೆಗೆಯಬಹುದು, ಉಪ್ಪು ತೆಗೆಯುವುದು ಬಹಳ ಕಷ್ಟ. ಮಾಮೂಲಿ ಶುದ್ಧೀಕರಣ ತೊಟ್ಟಿಯಿಂದ ಉಪ್ಪು ಹೋಗುವುದಿಲ್ಲ, ಆರ್‌ಒ ಹಾಕಿ ಉಳಿದದ್ದನ್ನು ಕುದಿಸಿ ಆವಿ ಮಾಡಬೇಕು. ತಮಿಳುನಾಡಿನ ತಿರುಪ್ಪೂರಿನಲ್ಲಿ ಆದದ್ದು ಇದೇ. ನೊಯ್ಯಲ್ ನದಿಗೆ ವರ್ಷಗಟ್ಟಲೆ ಬಣ್ಣದ ನೀರು ಹೋಯಿತು. 1992ರಲ್ಲಿ ನೀರಾವರಿಗೆ ಎಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಬೇಡಿ ಎಂದು ರೈತರೇ ಕೇಳುವಂತಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಡೈಯಿಂಗ್ ಯೂನಿಟ್‌ಗಳನ್ನು ಮುಚ್ಚಿಸಿತು. ಆ ನೊಯ್ಯಲ್ ಕೊನೆಗೆ ಸೇರುವುದು ಕಾವೇರಿಗೆ. ನಿಮ್ಮ ಕಡೆಯ ಹೊಳೆ ನೀರು ಲಕ್ಷ್ಮಣತೀರ್ಥ ಸೇರಿ ಅಲ್ಲಿಂದ ಅದೇ ಕಾವೇರಿಗೆ ಹೋಗುತ್ತದೆ. ನೀವು ಹೊಳೆಯ ತಲೆಯ ಹತ್ತಿರ ಕೂತಿದ್ದೀರಿ. ಒಂದು ಸಣ್ಣ ಪಾತ್ರೆಯ ಬಣ್ಣ ತಾನೇ ಅಂತ ಅಲ್ಲಿ ಯಾರೂ ಶುರು ಮಾಡಬಾರದು ಅನ್ನುವುದು ನನ್ನ ಖಚಿತವಾದ ಮಾತು.

ಸಹಜ ಬಣ್ಣವಾದರೆ ತೊಂದರೆ ಇಲ್ಲ ಅಲ್ವಾ ಎಂದು ನಾದಿನಿ ಕೇಳಬಹುದು. ಅರ್ಧ ನಿಜ. ಗಿಡದ ಬಣ್ಣ ತಾನಾಗಿ ಹತ್ತಿಗೆ ಕಚ್ಚುವುದಿಲ್ಲ, ಕಚ್ಚಿಸಲು ಇನ್ನೊಂದು ಪದಾರ್ಥ ಬೇಕು. ಅಳಲೆಕಾಯಿ ಮತ್ತು ಪಟಿಕ ಬಳಸಿದರೆ ತಕ್ಕಮಟ್ಟಿಗೆ ಸರಿ. ಮೈಲುತುತ್ತ ಬಳಸುವವರೂ ಇದ್ದಾರೆ. ನೀವು ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಹಾಕುತ್ತೀರಲ್ಲ, ಅದೇ. ಆ ತಾಮ್ರ ಹೊಳೆಗೆ ಹೋದರೆ ಮೀನಿಗೆ ವಿಷ. ಡೈಕ್ರೋಮೇಟ್ ಅಂತೂ ಕ್ಯಾನ್ಸರ್ ತರುವಂಥದ್ದು, ಹೊಳೆಯುವ ಬಣ್ಣ ಬರುತ್ತದೆ ಎಂದು ಯಾರಾದರೂ ಹೇಳಿಕೊಟ್ಟರೆ ಬೇಡ ಅನ್ನಿ. ಇನ್ನು ಕಾಫಿ ಸಿಪ್ಪೆ. ಅದರಿಂದ ತಿಳಿ ಕಂದು ಬರುತ್ತದೆ, ನೋಡಲು ಚೆನ್ನ, ಆದರೆ ಹತ್ತಿಯ ಮೇಲೆ ಬಿಸಿಲಿಗೆ ಬೇಗ ಮಾಸುತ್ತದೆ. ಏಪ್ರನ್ ವಾರಕ್ಕೆ ಎರಡು ಸಲ ಒಗೆಯುವ ವಸ್ತು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಒಂದು ಸಲ ಹಾಕಿದ ಬಣ್ಣ ಇನ್ನೊಂದು ಸಲ ಬರುವುದೇ ಇಲ್ಲ, ಎಲ್ಲ ಬೂದಿ ಬೂದಿಯಾಗಿ ಕಾಣುತ್ತದೆ.

ಆಸೆ ಬಿಡಿ ಎಂದು ಹೇಳುತ್ತಿಲ್ಲ. ಈ ಪರೀಕ್ಷೆ ಮನೆಯಲ್ಲೇ ಮಾಡಿ ನೋಡಲಿ. ಬಣ್ಣ ಹಾಕಿದ ಪಟ್ಟಿಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಬಿಸಿಲು ಬೀಳುವ ಕಿಟಕಿಗೆ ಎರಡು ವಾರ ಕಟ್ಟಲಿ. ಇನ್ನೊಂದು ಪಟ್ಟಿಯನ್ನು ಬಿಳಿ ಬಟ್ಟೆಯ ಜೊತೆ ಸೇರಿಸಿ ಹೊಲಿದು ಹತ್ತು ಸಲ ಒಗೆಯಲಿ. ಬಿಳಿಗೆ ಬಣ್ಣ ಹತ್ತದೆ, ಕಾಗದದ ಕೆಳಗಿನ ಬಣ್ಣಕ್ಕೂ ಹೊರಗಿನದಕ್ಕೂ ಜಾಸ್ತಿ ವ್ಯತ್ಯಾಸ ಕಾಣದಿದ್ದರೆ ಮುಂದಿನ ಮಾತು. ಇಲ್ಲದಿದ್ದರೆ ಈ ಕೆಲಸವನ್ನು ಚೆನ್ನಾಗಿ ಕಲಿತವರಿಂದ ಬಣ್ಣದ ಬಟ್ಟೆ ಕೊಳ್ಳಿ. ಸಾಗರದ ಹತ್ತಿರ ಹೆಗ್ಗೋಡಿನ ಚರಕ ಅನ್ನುವ ಮಹಿಳಾ ಸಹಕಾರ ಸಂಘದವರು ಅಡಿಕೆ ಚೊಗರಿನಿಂದ (ಅಡಿಕೆ ಬೇಯಿಸಿದ ನೀರಿನಿಂದ) ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಅದೂ ಮಳೆ ಸುರಿಯುವ ಮಲೆನಾಡೇ. ಇಬ್ಬರೂ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.

ಡಿಜಿಟಲ್ ಪ್ರಿಂಟಿಂಗ್ ಬಗ್ಗೆ ಕಡಿಮೆ ಮಾತು ಸಾಕು. ಸ್ಕ್ರೀನ್ ಪ್ರಿಂಟಿಂಗ್‌ಗೆ ಹೋಲಿಸಿದರೆ ನೀರು ಕಡಿಮೆ ಬೇಕು, ಅದು ಸುಳ್ಳಲ್ಲ. ಆದರೆ ರಿಯಾಕ್ಟಿವ್ ಇಂಕ್ ಆದರೆ ಮೊದಲು ಬಟ್ಟೆಗೆ ಪದಾರ್ಥ ಹಚ್ಚಬೇಕು, ಆಮೇಲೆ ಹಬೆಯಲ್ಲಿ ಇಡಬೇಕು, ಒಗೆಯಬೇಕು. ಮಿಷನ್ ಮಾರುವವರು ಈ ಮೂರನ್ನು ಹೇಳುವುದಿಲ್ಲ. ಸುಮ್ನೆ ಇಟ್ಟರೆ ನಳಿಕೆ ಕಟ್ಟಿಕೊಳ್ಳುತ್ತದೆ. ಕೋಣೆಯ ತೇವ, ಬಿಸಿ ಎರಡೂ ಹದದಲ್ಲಿ ಇರಬೇಕು, ಜುಲೈ ತಿಂಗಳ ಕೊಡಗಿನಲ್ಲಿ ಅದಕ್ಕೇ ಕರೆಂಟು ಸುರಿಯಬೇಕು. ಪ್ರಿಂಟ್ ಬೇಕೇ ಬೇಕು ಅನಿಸಿದಾಗ ಬೆಂಗಳೂರಿನಲ್ಲಿ ಮೀಟರ್ ಲೆಕ್ಕದಲ್ಲಿ ಮಾಡಿಸಿಕೊಳ್ಳಿ.

ದುಡ್ಡು ಹಾಕಲೇಬೇಕು ಅಂದರೆ ಮಳೆಗಾಲಕ್ಕೆ ಹಾಕಿ. ನಿಮ್ಮ ಘಟಕದ ನಿಜವಾದ ಕುತ್ತಿಗೆ ಹಿಡಿದಿರುವುದು ಅದು. ನಿಮ್ಮ ಮಿಷನ್‌ಗಳಲ್ಲಿ ಹಳೆಯ ಕ್ಲಚ್ ಮೋಟರ್ ಇದ್ದರೆ ಅದು ಹೊಲಿಯದೆ ಇರುವಾಗಲೂ ತಿರುಗುತ್ತಲೇ ಇರುತ್ತದೆ, ಕರೆಂಟು ಕುಡಿಯುತ್ತಲೇ ಇರುತ್ತದೆ. ಸರ್ವೋ ಮೋಟರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ಮಿಷನ್ ಅದೇ ಇರಲಿ, ಮೋಟರ್ ಮಾತ್ರ ಬದಲಾಯಿಸಿ. ಬಿಲ್ ಇಳಿಯುತ್ತದೆ, ಇನ್ವರ್ಟರ್ ಮೇಲೆ ನಾಲ್ಕು ಮಿಷನ್ ಓಡಿಸುವುದು ಸಾಧ್ಯವಾಗುತ್ತದೆ. ತುಳಿಯುವ ಮಿಷನ್ ಇದ್ದರೆ ಮಾರಬೇಡಿ, ಎರಡನ್ನಾದರೂ ಎಣ್ಣೆ ಹಾಕಿ ಇಟ್ಟುಕೊಳ್ಳಿ.

ಬೂಷ್ಟಿಗೆ ಕಾರಣ ತೇವದ ಜೊತೆಗೆ ಗಂಜಿ. ಗಂಜಿ ಇರುವ ಥಾನು ಬೂಷ್ಟಿಗೆ ಊಟ ಇದ್ದ ಹಾಗೆ. ಮೇ ತಿಂಗಳಲ್ಲೇ ಬಟ್ಟೆ ಒಗೆದು, ಗಂಜಿ ತೆಗೆದು, ಬಿಸಿಲಿನಲ್ಲಿ ಗರಿಗರಿ ಒಣಗಿಸಿ ಇಡಿ. ಆಗ ಬಟ್ಟೆ ಕುಗ್ಗುವುದೂ ಮೊದಲೇ ಮುಗಿಯುತ್ತದೆ. ಒಂದೇ ಸಣ್ಣ ಕೋಣೆ ಆರಿಸಿ, ಕಿಟಕಿ ಸಂದು ಮುಚ್ಚಿ, ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ಇಡಿ. ಗಾಳಿಯ ತೇವ ನೂರಕ್ಕೆ 65ರ ಆಸುಪಾಸಿನಲ್ಲಿದ್ದರೆ ಹತ್ತಿ ಸುರಕ್ಷಿತ. ತೇವ ತೋರಿಸುವ ಸಣ್ಣ ಮೀಟರ್ ಅಗ್ಗಕ್ಕೆ ಸಿಗುತ್ತದೆ. ಥಾನು ನೆಲ, ಗೋಡೆ ಎರಡಕ್ಕೂ ತಾಗದಂತೆ ಮರದ ಹಲಗೆ ಮೇಲಿರಲಿ. ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ದಾರಿಯನ್ನೂ ನಂಬಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಏನಾಯಿತು ಎಂದು ನಿಮಗೆ ನಾನು ಹೇಳಬೇಕಿಲ್ಲ. ಬಟ್ಟೆ, ದಾರ, ಗುಂಡಿ, ಲೇಬಲ್ ಎಲ್ಲ ಮೇ ಕೊನೆಯೊಳಗೆ ಮನೆ ಸೇರಲಿ. ಜೂನ್‌ನಿಂದ ಸೆಪ್ಟೆಂಬರ್ ಬರೀ ಹೊಲಿಗೆ. ಒಗೆದು ಒಣಗಿಸುವ ಕೆಲಸ, ಲಾರಿಯಲ್ಲಿ ಕಳಿಸುವ ಕೆಲಸ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಆದ ಮೇಲೆ. ಆ ಜರ್ಮನಿಯವರಿಗೂ ಇದೇ ಲೆಕ್ಕದಲ್ಲಿ ತಾರೀಕು ಕೊಡಿ. ಆಗಸ್ಟ್‌ನಲ್ಲಿ ಕೊಡುತ್ತೇನೆ ಎಂದು ಒಪ್ಪಿ ನವೆಂಬರ್‌ನಲ್ಲಿ ಕೊಡುವುದಕ್ಕಿಂತ ಮೊದಲೇ ನವೆಂಬರ್ ಅನ್ನುವುದು ಮೇಲು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೆ ನನಗೆ ಹೇಳಲೇಬೇಕು. ನೀವು ಹೊಲಿಯುವುದರಲ್ಲಿ ಎಲ್ಲಕ್ಕಿಂತ ಬಾಳಿಕೆ ಬರುವುದು ಕುಪ್ಯ. ಅಪ್ಪನದ್ದು ಮಗ, ಅಜ್ಜನದ್ದು ಮೊಮ್ಮಗ ಹಾಕಿಕೊಳ್ಳುವುದು ನಿಮ್ಮಲ್ಲಿ ಹೊಸದೇನಲ್ಲ. ಒಂದು ಬಟ್ಟೆಯನ್ನು ಈಗಿನದಕ್ಕಿಂತ ಎರಡರಷ್ಟು ಸಲ ಹಾಕಿಕೊಂಡರೆ ಹವಾಮಾನ ಕೆಡಿಸುವ ಅನಿಲದ ಲೆಕ್ಕ ನೂರಕ್ಕೆ 44 ಭಾಗ ಇಳಿಯುತ್ತದೆ ಎಂದು ಮರುಬಳಕೆ ಬಗ್ಗೆ ಕೆಲಸ ಮಾಡುವ ಬ್ರಿಟನ್ನಿನ ಎಲೆನ್ ಮ್ಯಾಕಾರ್ಥರ್ ಫೌಂಡೇಶನ್ 2017ರಲ್ಲಿ ಅಂದಾಜು ಮಾಡಿತ್ತು. ಹಾಗಾಗಿ ಕುಪ್ಯದ ಪಕ್ಕದಲ್ಲಿ, ತೋಳಿನಲ್ಲಿ ಒಳಹೊಲಿಗೆ ಜಾಸ್ತಿ ಬಿಡಿ, ಬಿಚ್ಚಿ ದೊಡ್ಡದು ಮಾಡಲು ಆಗಬೇಕು. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳು ಹತ್ತಿರ ಬಂದಾಗ ಹಳೆಯ ಕುಪ್ಯ ತನ್ನಿ, ಸರಿಮಾಡಿ ಕೊಡುತ್ತೇವೆ ಎಂದು ಬೋರ್ಡ್ ಹಾಕಿ. ನೀವು ಹೊಲಿದದ್ದಕ್ಕೆಲ್ಲ ಒಳಗೊಂದು ನಂಬರ್ ಇದ್ದರೆ, ಇಪ್ಪತ್ತು ವರ್ಷ ಆದ ಮೇಲೂ ಅಳತೆ ಪುಸ್ತಕದಲ್ಲಿ ಸಿಗುತ್ತದೆ. ನಿಮ್ಮ ಊರಿನ ಡಿಜಿಟಲ್ ಪಾಸ್‌ಪೋರ್ಟ್ ಅಲ್ಲಿಂದಲೇ ಶುರುವಾಗಲಿ.

ಈಗ ಆರ್ಡರ್. ಮೂರು ದಾರಿ ಇದೆ. ಸರ್ಟಿಫಿಕೇಟ್ ಇರುವ ದೊಡ್ಡ ಘಟಕದಲ್ಲಿ ಹೊಲಿಸಿ ಕಳಿಸಬಹುದು, ಲೇಬಲ್ ಸಿಗುತ್ತದೆ, ಆದರೆ ನಿಮ್ಮ ಎಂಟು ಜನರಿಗೆ ಕೆಲಸ ಸಿಗುವುದಿಲ್ಲ. ಸಹಜ ಬಣ್ಣದ ಕೈಮಗ್ಗದ ಬಟ್ಟೆ ಕೊಂಡು ಹೊಲಿಯಬಹುದು. ಅದರಲ್ಲಿ ಥಾನಿನಿಂದ ಥಾನಿಗೆ ಬಣ್ಣ ಸ್ವಲ್ಪ ಬೇರೆಯಾಗುತ್ತದೆ, ಬಟ್ಟೆ ಬರುವುದೂ ನಿಧಾನ, ಇದನ್ನು ಅವರಿಗೆ ಮೊದಲೇ ಬರೆದು ಒಪ್ಪಿಸಬೇಕು. ಇಲ್ಲವೇ ಬಣ್ಣವನ್ನೇ ಹಾಕದ ಹತ್ತಿಯ ಬಟ್ಟೆ, ಹ್ಯಾಂಡ್‌ಲೂಮ್ ಮಾರ್ಕ್ (ಕೈಮಗ್ಗದ್ದೇ ಅನ್ನುವ ಸರ್ಕಾರಿ ಗುರುತು) ಇರುವವರಿಂದ. ಇದರಲ್ಲಿ ಸಾರು ಬಿದ್ದರೆ ಕಲೆ ಎದ್ದು ಕಾಣುತ್ತದೆ, ಅಷ್ಟೇ ತೊಂದರೆ. ನಾನಾಗಿದ್ದರೆ ರನ್ನರ್‌ಗಳನ್ನು ಬಣ್ಣವಿಲ್ಲದ ಬಟ್ಟೆಯಲ್ಲಿ, ಏಪ್ರನ್‌ಗಳನ್ನು ಅಡಿಕೆ ಚೊಗರಿನ ಬಟ್ಟೆಯಲ್ಲಿ ಮಾಡುತ್ತಿದ್ದೆ. ಬಣ್ಣದ ಬಟ್ಟೆ ಯಾರಿಂದ ತಂದರೂ ನಿಷೇಧಿತ ಆಜೋ ಬಣ್ಣ (ಕ್ಯಾನ್ಸರ್ ತರುವ ಪದಾರ್ಥ ಬಿಡುವ ಕೃತಕ ಬಣ್ಣ) ಇಲ್ಲ ಅನ್ನುವ ಲ್ಯಾಬ್ ವರದಿ ಕೇಳಿ ಪಡೆಯಿರಿ, ಯುರೋಪಿನಲ್ಲಿ ಅದನ್ನು ಖಂಡಿತ ಕೇಳುತ್ತಾರೆ. ಹೊರದೇಶಕ್ಕೆ ಕಳಿಸಲು ಐಇಸಿ (ಆಮದು-ರಫ್ತು ಮಾಡುವವರ ಗುರುತಿನ) ನಂಬರ್ ಬೇಕು, ಆನ್‌ಲೈನ್‌ನಲ್ಲೇ ಮಾಡಿಸಬಹುದು. ಪಾರ್ಸೆಲ್ ಮಟ್ಟದ ರಫ್ತಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ, ವಿಚಾರಿಸಿ. ಅರ್ಧ ದುಡ್ಡು ಮುಂಗಡ ಬಾರದೆ ಥಾನು ಕತ್ತರಿಸಬೇಡಿ.

ಅವರಿಗೆ ಇವತ್ತೇ ಒಂದು ಮೇಲ್ ಬರೆಯಿರಿ. ನಮ್ಮ ಘಟಕಕ್ಕೆ ಆರ್ಗ್ಯಾನಿಕ್ ಸರ್ಟಿಫಿಕೇಟ್ ಇಲ್ಲ, ಬಟ್ಟೆ ಎಲ್ಲಿಂದ ಬಂತು ಅನ್ನುವುದನ್ನು ಬಿಲ್ ಸಮೇತ ತೋರಿಸುತ್ತೇವೆ ಎಂದು ನೇರವಾಗಿ ಹೇಳಿ. ಒಪ್ಪದೆ ಹೋಗುವ ಸಾಧ್ಯತೆಯೂ ಇದೆ, ಅದಕ್ಕೆ ತಯಾರಿರಿ. ಮಾದರಿಗೆ ಎರಡು ಏಪ್ರನ್ ಕಳಿಸಿ, ಒಂದು ಹೊಸದು, ಇನ್ನೊಂದು ಹತ್ತು ಸಲ ಒಗೆದದ್ದು. ಯಾವುದು ಯಾವುದು ಎಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ.